ಬೇಡ ಅಂದವರ ಎಲೆಗೆ

ಫೆಬ್ರವರಿ 3, ಸೋಮವಾರ

ನಿನ್ನೆ ಮಿಡಿಗೇಶಿಯಲ್ಲಿ ನಾವು ಅಡುಗೆ ಒಪ್ಪಿಕೊಂಡಿದ್ದ ಗೃಹಪ್ರವೇಶದ ಊಟ ಚೆನ್ನಾಗಿಯೇ ಆಯಿತು. ಹೋದ ದಾರಿ ಮಾತ್ರ ಚೆನ್ನಾಗಿರಲಿಲ್ಲ. ಬೆಳಕು ಹರಿಯುವ ಮುಂಚೆ ಬರ್ತೀನಿ ಅಂದಿದ್ದ ಬಾಡಿಗೆ ಟೆಂಪೋದವನು ಬಿಸಿಲೇರಿದ ಮೇಲೆ ಬಂದ. ಬಂದವನು ತಡವಾದದ್ದನ್ನು ತುಂಬಿಕೊಡೋಕೆ ಹೋಗಿ ಹಾರಿಸಿಕೊಂಡು ಓಡಿಸಿದ. ಹಂಪು ಎಗರಿದಾಗ ಬೇಳೆಕಟ್ಟಿನ ಕೊಳಗ ವಾಲಿ ನನ್ನ ಪಂಚೆಯೆಲ್ಲ ಕಟ್ಟು. ಆಮೇಲೆ ಇಡೀ ದಿನ ಆ ಊರಿನ ನಾಯಿಗಳಿಗೆ ನಾನೆಂದರೆ ಪ್ರಾಣ.

ರಾತ್ರಿ ಪಾತ್ರೆ ತೊಳೆಯುವಾಗ ಸೊಸೆ ಲೋಹಿತಾ ಮಾತು ತೆಗೆದಳು. "ಮಾವ, ಇನ್ನೆಷ್ಟು ದಿನ ಬಾಡಿಗೆ ಗಾಡಿ? ನನ್ನ ಲೈಸೆನ್ಸ್ ಬಂದೈತೆ. ಒಂದು ಲಗೇಜ್ ಆಟೋ ತಗಳಾಣ. ನಾನೇ ಓಡಿಸ್ತೀನಿ." ಮಗ ಪ್ರಭುದೇವ್ ಪಾವಗಡದ ಬಸ್ಸಿನಲ್ಲಿ ಕಂಡಕ್ಟರು. ಅವನನ್ನು ಫೋನಿನಲ್ಲಿ ಕೇಳಿದೆವು. ಹಿಂದೆ ಯಾರೋ ತೆಲುಗಿನಲ್ಲಿ ಚಿಲ್ಲರೆಗೆ ಜಗಳ ತೆಗೆದಿದ್ದರು. "ತಗಳಿ, ತಗಳಿ" ಅಂದ. ನಮಗೆ ಅಂದನೋ ಚಿಲ್ಲರೆಯವರಿಗೆ ಅಂದನೋ, ನಾವು ನಮಗೇ ಅಂದ ಅಂತ ಇಟ್ಟುಕೊಂಡೆವು.

ನನ್ನ ಹೆಂಡತಿ ಜಗದಾಂಬ ಮೂಲೆಯಲ್ಲಿ ಬಲಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. ಮದುವೆಯಾಗಿ ಬಂದಾಗಿನಿಂದ ನಮ್ಮ ಅಡುಗೆ ಕೆಲಸದ ಹೂರಣವೆಲ್ಲ ಅವಳ ಕೈಯಲ್ಲೇ, ಒರಳುಕಲ್ಲಿನಲ್ಲೇ ರುಬ್ಬಿದ್ದು. ಮನೆಯ ಸಣ್ಣ ಗ್ರೈಂಡರು ಮದುವೆ ಹೂರಣ ಕಂಡರೆ ಗುರ್ ಅಂದು ನಿಂತುಬಿಡುತ್ತದೆ. ಈಗ ಅವಳ ಕೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ರುಬ್ಬಬೇಡಿ ಅಂತ ಡಾಕ್ಟರು ಹೇಳಿದರು. ಆಗಲಿ ಅಂದು ಮನೆಗೆ ಬಂದು ರುಬ್ಬಿದಳು.

"ಗಾಡಿ ಒಂದು, ದೊಡ್ಡ ಗ್ರೈಂಡರು ಒಂದು. ಕೂಡಿಟ್ಟಿರೋದು ಎರಡಕ್ಕೇ ಸರಿಹೋಯ್ತದೆ. ಮೂರನೇದು ಏನಾರ ತಂದ್ರೆ ಗ್ರೈಂಡರು ಹೋಯ್ತು ಅಂತ ತಿಳ್ಕಳಿ" ಅಂದಳು. ಹೇಳಿದ್ದು ಎಲ್ಲರಿಗೂ, ನೋಡಿದ್ದು ನನ್ನನ್ನು.

ಅವಳ ಭಯ ನನಗೆ ಗೊತ್ತು. ನಮ್ಮ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುವವನು ನಾನು. ಮಧುಗಿರಿ, ಶಿರಾ, ಕೊರಟಗೆರೆ ಮೂರು ತಾಲ್ಲೂಕಿನಲ್ಲಿ ನಂದೀಶ್ವರಯ್ಯನ ಉಪಚಾರ ಅಂದರೆ ಹೆಸರು. ಊಟಕ್ಕೆ ಕೂತವರು ಮೊದಲು ಬೇಡ ಅನ್ನುವುದು ಸಂಕೋಚಕ್ಕೆ, ಎರಡನೆಯದು ಮರ್ಯಾದೆಗೆ, ಮೂರನೆಯದು ಪಕ್ಕದವರು ನೋಡಲಿ ಅಂತ. ಬೇಡ ಅಂದವರ ಎಲೆಗೆ ಹಾಕಿದರೇ ಬಡಿಸಿದ ಹಾಗೆ. ಕೇಳಿದವರಿಗೆ ಯಾರು ಬೇಕಾದರೂ ಹಾಕಬಹುದು. ಹಾಗೆಯೇ ಯಾರಾದರೂ ನನಗೆ ಒತ್ತಾಯ ಮಾಡಿದರೆ ನಾನೂ ಮೂರನೇ ಸಲಕ್ಕೆ ಒಪ್ಪಿಕೊಂಡುಬಿಡುತ್ತೇನೆ. ಒತ್ತಾಯ ಮಾಡುವವನ ಮನಸ್ಸು ನೋಯಿಸಬಾರದು.

ಜಗದಾಂಬ ಇದನ್ನೇ ಬೇರೆ ಥರ ಹೇಳುತ್ತಾಳೆ. "ನಿಮ್ಮ ಬಾಯಲ್ಲಿ ಬೇಡ ಅನ್ನೋದು ಬರಲ್ಲ. ಬೇರೆಯವ್ರ ಬೇಡ ನಿಮ್ಮ ಕಿವಿಗೆ ಹೋಗಲ್ಲ."

ಫೆಬ್ರವರಿ 6, ಗುರುವಾರ

ನಾನೂ ಲೋಹಿತಾಳೂ ಶಿರಾದ ಶೋರೂಮಿಗೆ ಹೋಗಿ ಬಂದೆವು. ಹೈವೇ ಪಕ್ಕ, ಗಾಜಿನ ಕಟ್ಟಡ. ಒಳಗೆ ಎಂಥ ತಣ್ಣಗೆ ಅಂದರೆ ನಾನು ಟವೆಲನ್ನು ತಲೆಗೆ ಸುತ್ತಿಕೊಂಡೆ. ತಿಮ್ಮರಾಜು ಅನ್ನುವ ಹುಡುಗ ಬಾಗಿಲಿಗೇ ಬಂದು ಕೈ ಮುಗಿದ. ಟೈ ಕಟ್ಟಿದ್ದ. ಶಿರಾ ಹತ್ತಿರದ ಹಳ್ಳಿಯವನೇ. ಕೂತ ತಕ್ಷಣ ಕಾಫಿ. ಬೇಡಪ್ಪ ಅಂದೆ, ತಂದ. ಕುಡಿದ ಮೇಲೆ ಇನ್ನೊಂದು ಅಂದ, ಬೇಡ ಅಂದೆ, ತಂದ. ನನಗೆ ಅಲ್ಲೇ ಗೊತ್ತಾಯಿತು, ಇವನು ಸಂಸ್ಕಾರವಂತ.

ಲೋಹಿತಾ ಗಟ್ಟಿಯಾದ ಗಾಡಿಯನ್ನೇ ಆರಿಸಿದಳು. ಎಷ್ಟು ತೂಕ ತಡೆಯುತ್ತದೆ, ಸಿದ್ದರಬೆಟ್ಟದ ಏರಿನಲ್ಲಿ ಏದುಸಿರು ಬಿಡುತ್ತದಾ, ಡಬರಿ ಇಟ್ಟರೆ ಹಿಂದಿನ ಬಾಗಿಲು ಮುಚ್ಚುತ್ತದಾ, ಎಲ್ಲ ಕೇಳಿದಳು. ಬಿಳೀ ಗಾಡಿ. ಅಡ್ವಾನ್ಸ್ ಕೊಟ್ಟು ರಸೀದಿ ಬರೆಸಿ, ಟೈರು ನೋಡಿ ಬರ್ತೀನಿ ಅಂತ ಹೊರಗೆ ಹೋದಳು.

ಅವಳು ಹೋದದ್ದೇ ತಡ, ತಿಮ್ಮರಾಜು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

"ಯಜಮಾನ್ರೇ, ಗಾಡಿ ಅಡಿಗೆ ತುಕ್ಕು ಹಿಡೀದಂಗೆ ಒಂದು ಕೋಟಿಂಗ್ ಹೊಡಿಸಿಬುಡಾಣ."

"ಬೇಡಪ್ಪ."

"ನಿಮ್ಮ ಗಾಡಿ ಅಂತ ಹೇಳ್ತಿದೀನಿ. ಬೇರೆಯವ್ರಿಗೆ ಹೇಳಲ್ಲ."

"ಬೇಡ ಬುಡು."

"ನಿಮ್ಮನ್ನ ನೋಡಿದ್ರೆ ನಮ್ಮ ತಾತ ನೆಪ್ಪಾಯ್ತಾರೆ."

ಮೂರು ಸಲ ಒತ್ತಾಯ ಆಗಿತ್ತು. ನಾನು ಆಗಲಿ ಅಂದೆ. ಆಮೇಲೆ ಸೀಟಿಗೆ ಕವರು. ಆಮೇಲೆ ಸ್ಟೀಲಿನ ಕಂಬಿ. ಆಮೇಲೆ ಒಳಗೆ ತೂಗುಹಾಕುವ ಮಲ್ಲಿಗೆ ವಾಸನೆಯ ಡಬ್ಬಿ. ಲೋಹಿತಾ ಬಂದು ಕಾಗದ ನೋಡಿದಳು.

"ಮಾವ, ಲಗೇಜ್ ಗಾಡಿಗೆ ಸೆಂಟ್ ಯಾಕೆ? ಹಿಂದೆ ಸಾರಿರ್ತದಲ್ಲ."

"ಮುಂದೆ ಕೂರೋರು ನಾವಲ್ವೇನಮ್ಮ" ಅಂದೆ.

ಗ್ರೈಂಡರಿನ ದುಡ್ಡಿನಲ್ಲಿ ಅರ್ಧ ಅಲ್ಲೇ ಕರಗಿತು. ಬಸ್ಸಿನಲ್ಲಿ ಮಧುಗಿರಿವರೆಗೂ ಅವಳು ಕಿಟಕಿ ಆಚೆ ನೋಡುತ್ತ ಕೂತಳು. ಇಳಿಯುವಾಗ ಮಾತ್ರ ಅಂದಳು. "ಅತ್ತೆಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ."

ಫೆಬ್ರವರಿ 7, ಶುಕ್ರವಾರ

ಹೇಳಿದೆ. ಉಳಿದಿರೋ ದುಡ್ಡು ಮೊದ್ಲು ಕಟ್ಟಿದ್ರೆ ಮಿಕ್ಕಿದ್ದಕ್ಕೆ ಕಂತು ಮಾಡಿ ಗ್ರೈಂಡರು ಕೊಡ್ತಾರಂತೆ, ಅದನ್ನೂ ಕಳೀಬೇಡಿ ಅಂದಳು ಜಗದಾಂಬ. ಆಮೇಲೆ ನನ್ನ ಜೊತೆ ನೇರವಾಗಿ ಮಾತಾಡುತ್ತಿಲ್ಲ. "ಲೋಹಿತಾ, ನಿಮ್ಮ ಮಾವನಿಗೆ ಮಲ್ಲಿಗೆ ವಾಸ್ನೆಯಾದ್ರೆ ಸಾಕಾ, ಮುದ್ದೆನೂ ಬೇಕಾ ಕೇಳು" ಅಂದಳು. ನಾನು ಅಲ್ಲೇ ಎದುರಿಗೇ ಇದ್ದೆ.

ನಾಳೆಯ ಆರ್ಡರಿಗೆ ಹೂರಣ ರುಬ್ಬುತ್ತಿದ್ದಾಳೆ. ಗುಂಡು ಎರಡು ಸುತ್ತು ಹೋಗುತ್ತದೆ, ನಿಲ್ಲುತ್ತದೆ. ನಾನು ರುಬ್ಬಿಕೊಡ್ತೀನಿ ಅಂತ ಕೂತೆ. ನಾನು ರುಬ್ಬಿದ್ದನ್ನು ನೋಡಿ ಎಬ್ಬಿಸಿ ಕಳಿಸಿದಳು.

ಫೆಬ್ರವರಿ 11, ಮಂಗಳವಾರ

ತಿಮ್ಮರಾಜು ದಿನಾ ಫೋನ್ ಮಾಡುತ್ತಾನೆ. ಈ ಕಾಲದಲ್ಲಿ ಯಾರು ಮಾಡುತ್ತಾರೆ? ಸ್ವಂತ ಮಗನೇ ವಾರಕ್ಕೊಂದು ಸಲ. ಊಟ ಆಯ್ತಾ, ಮಂಡಿ ನೋವು ಹೆಂಗೈತೆ, ಎಲ್ಲ ವಿಚಾರಿಸುತ್ತಾನೆ. ಕೊನೆಗೆ ಮಾತ್ರ ಎಕ್ಸ್‌ಟೆಂಡೆಡ್ ವಾರಂಟಿ ಅನ್ನುತ್ತಾನೆ. ದಿನಾ ಅವತ್ತೇ ಕಡೆ ದಿನ. ಶನಿವಾರವೂ ಕಡೆ ದಿನವಾಗಿತ್ತು, ಭಾನುವಾರ ರಜಾ ದಿನ ಕೂಡ ಕಡೆ ದಿನ. ನನಗೋಸ್ಕರ ಪಾಪ ಎಷ್ಟು ಸಲ ಮುಂದಕ್ಕೆ ಹಾಕಿಸುತ್ತಿದ್ದಾನೋ.

ಇವತ್ತು ಸ್ಪೀಕರ್ ಹಾಕಿ ಲೋಹಿತಾಳೂ ಕೇಳಿಸಿಕೊಂಡಳು.

"ಕಂಪ್ನಿದು ಮೂರು ವರ್ಷ ಹೆಂಗೂ ಐತೆ ಸಾರ್. ಇದನ್ನ ತಗಂಡ್ರೆ ಇನ್ನೂ ಎರಡು ವರ್ಷ. ಏನು ಕೆಟ್ರೂ ನಮ್ದು."

"ಟೈರು?" ಅಂದಳು ಲೋಹಿತಾ.

"ಟೈರು ಬರಲ್ಲ ಮೇಡಂ."

"ಬ್ಯಾಟ್ರಿ?"

"ಬ್ಯಾಟ್ರಿ ಬರಲ್ಲ."

"ಬ್ರೇಕು, ಕ್ಲಚ್ಚು, ಗಾಜು, ಬಲ್ಬು?"

"ಅವು ಸವೆಯೋ ಸಾಮಾನು ಮೇಡಂ, ಅವು ಬರಲ್ಲ."

"ಮತ್ತೆ ಬರೋದು ಏನಣ್ಣ?"

"ಇಂಜಿನ್ ಒಳಗಿಂದು, ಗೇರ್‌ಬಾಕ್ಸ್ ಒಳಗಿಂದು."

"ಅವು ಐದು ವರ್ಷದಲ್ಲಿ ಕೆಡ್ತವಾ?"

"ಛೆ ಛೆ, ನಮ್ಮ ಗಾಡಿದು ಕೆಡಲ್ಲ ಮೇಡಂ. ಹತ್ತು ವರ್ಷ ಮುಟ್ಟಂಗಿಲ್ಲ."

"ಮತ್ತೆ ವಾರಂಟಿ?"

"ಕೆಟ್ರೆ ಅಂತ ಮೇಡಂ."

ಲೋಹಿತಾ ನನ್ನ ಮುಖ ನೋಡಿದಳು. ನಾನು ಫೋನು ಕೈಗೆ ತೆಗೆದುಕೊಂಡೆ. ಬೇಡ ಅನ್ನಬೇಕು ಅಂತಲೇ ತೆಗೆದುಕೊಂಡದ್ದು. ಬಾಯಿಗೆ ಬಂದದ್ದು ಬೇರೆ. "ತಿಮ್ಮರಾಜು, ಫೋನ್‌ನಾಗೆ ಯಾಕಪ್ಪ, ಶುಕ್ರವಾರ ಮನೆಗೆ ಬಾ. ಊಟ ಮಾಡ್ಕಂಡು ಮಾತಾಡಾಣ."

ಒಳಗಿಂದ ಗುಂಡುಕಲ್ಲಿನ ಸದ್ದು ನಿಂತಿತು.

ಫೆಬ್ರವರಿ 14, ಶುಕ್ರವಾರ

ಬಂದ. ಬೈಕಿನಲ್ಲಿ, ಟೈ ಕಟ್ಟಿಕೊಂಡೇ, ಚೀಲದ ತುಂಬ ಕಾಗದ. ಬಂದ ತಕ್ಷಣ ಚೀಲ ಬಿಚ್ಚೋಕೆ ಹೋದ. "ಮೊದ್ಲು ಊಟ" ಅಂದೆ. ಮನೆಗೆ ಬಂದವರನ್ನು ಕೂರಿಸಿಕೊಂಡು ಬರಿಹೊಟ್ಟೆಯಲ್ಲಿ ವ್ಯವಹಾರ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ.

ಕೋಸಂಬರಿ, ಪಲ್ಯ, ಚಿತ್ರಾನ್ನ, ಒಬ್ಬಟ್ಟು, ಒಬ್ಬಟ್ಟಿನ ಸಾರು. ಜಗದಾಂಬಳಿಗೆ ನನ್ನ ಮೇಲೆ ಎಷ್ಟೇ ಸಿಟ್ಟಿರಲಿ, ಅಡುಗೆ ಮೇಲೆ ಅದನ್ನು ತೋರಿಸುವವಳಲ್ಲ. ಹುಡುಗ ಎರಡು ಒಬ್ಬಟ್ಟು ಚಪ್ಪರಿಸಿಕೊಂಡು ತಿಂದ. ಮೂರನೆಯದನ್ನು ಹಾಕಿದೆ.

"ಸಾಕು ಸಾರ್, ಬೇಡ."

"ತುಪ್ಪ ಬಿಸಿ ಐತೆ, ತಗ."

"ನಿಜವಾಗ್ಲೂ ಬೇಡ ಸಾರ್. ಮಧ್ಯಾಹ್ನ ಇನ್ನೊಬ್ರ ಮನೆಗೆ ಹೋಗ್ಬೇಕು."

"ಇವತ್ತು ಬುಟ್ರೆ ಇಂಥಾದ್ದು ಸಿಗಲ್ಲ. ಕಲ್ಲಲ್ಲಿ ರುಬ್ಬಿದ್ದು."

"ಸಾರ್, ಪ್ಲೀಸ್."

"ನಿನಗೆ ಅಂತ ಹೇಳ್ತಿದೀನಿ ಕಣಪ್ಪ. ಬೇರೆಯವ್ರಿಗೆ ಹೇಳಲ್ಲ."

ಅವನು ಎಲೆಗೆ ಎರಡು ಕೈಯನ್ನೂ ಅಡ್ಡ ಇಟ್ಟ. ಕೈ ಅಡ್ಡ ಇಡುವವರು ನನಗೆ ಹೊಸಬರೇನಲ್ಲ. ಎಡಗಡೆ ತೋರಿಸಿದೆ, ಕೈ ಎಡಕ್ಕೆ ಬಂತು, ಬಲಗಡೆಯಿಂದ ಜಾರಿಸಿದೆ. ಬಾಗಿಲ ಹಿಂದೆ ಜಗದಾಂಬ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಿದ್ದಳು. ವಾರವಾಗಿತ್ತು ಅವಳು ನಕ್ಕು. ನನಗೂ ಹುರುಪು ಬಂತು. ಇನ್ನೂ ಎರಡು ಹಾಕಿದೆ. ಹುಡುಗ ಟೈ ಸಡಿಲ ಮಾಡಿದ, ಆಮೇಲೆ ಬೆಲ್ಟು. ಕೈ ತೊಳೆದುಕೊಳ್ಳೋಕೆ ಎದ್ದವನು ಗೋಡೆ ಹಿಡಿದುಕೊಂಡು ಹೋದ. ಬಂದವನು ಚಾಪೆ ಮೇಲೆ ಅಡ್ಡಾಗಿ ಸಂಜೆಯವರೆಗೆ ಏಳಲಿಲ್ಲ. ಅವನ ಫೋನು ಬಡಕೊಳ್ಳುತ್ತಲೇ ಇತ್ತು. ಇನ್ನೊಬ್ಬರ ಮನೆಯವರಿರಬೇಕು.

ಎದ್ದು ಕೂತು ನನ್ನನ್ನು ನೋಡಿದ. "ತಾತ, ನಾನು ಬೇಡ ಬೇಡ ಅಂತಾನೇ ಇದ್ದೆ" ಅಂದ. ಸಿಟ್ಟೇನೂ ಇರಲಿಲ್ಲ. ಯಾರೋ ದಾರಿ ತಪ್ಪಿದವರು ಊರಿನ ಹೆಸರು ಕೇಳುವ ಹಾಗೆ ಹೇಳಿದ.

ಮನೆಗೆ ಬಂದ ಹುಡುಗ, ಹೊಟ್ಟೆ ನೋವು ಮಾಡಿಕೊಂಡು ಕೆಲಸ ಕೆಡಿಸಿಕೊಂಡು ಬರಿಗೈಯಲ್ಲಿ ಹೋಗುವುದಾ? ಅವನು ಕೇಳಲೇ ಇಲ್ಲ. ನಾನೇ "ಎಲ್ಲಪ್ಪ ಕಾಗದ" ಅಂದು ವಾರಂಟಿಗೆ ಸಹಿ ಹಾಕಿದೆ.

ಗ್ರೈಂಡರು ಹೋಯಿತು.

ಫೆಬ್ರವರಿ 15, ಶನಿವಾರ

ಜಗದಾಂಬ ಬೈಯಲಿಲ್ಲ. "ಹೋಗ್ಲಿ ಬುಡಿ. ಎಡಗೈ ಐತಲ್ಲ" ಅಂತ ಗೋಡೆಗೆ ಹೇಳಿದಳು. ಎಡಗೈಯಲ್ಲಿ ರುಬ್ಬಲು ಕೂತಳು.

ಇದಕ್ಕಿಂತ ಬೈದಿದ್ದರೆ ಊಟ ಸೇರುತ್ತಿತ್ತು.

ಫೆಬ್ರವರಿ 19, ಬುಧವಾರ

ಕೊರಟಗೆರೆಯಲ್ಲಿ ನಾಮಕರಣದ ಊಟ. ಎರಡನೇ ಪಂಕ್ತಿಯಲ್ಲಿ ಒಬ್ಬ ವಯಸ್ಸಾದ ತಾಯಿ, ಓಬಳಮ್ಮ ಅಂತ ಯಾರೋ ಕರೆದರು, ಎಲೆಗೆ ಕೈ ಅಡ್ಡ ಇಟ್ಟರು. ಸಣ್ಣ ಕೈ, ಬಳೆ ಸಡಿಲ. ಪಕ್ಕದಿಂದ ಜಾರಿಸಬೇಕು ಅಂತ ಬಗ್ಗಿದೆ. ಬಗ್ಗಿದವನು ಹಾಗೇ ನಿಂತೆ.

"ಬೇಡ್ವಾ ತಾಯಿ?"

"ಬೇಡ ಕಣಪ್ಪ."

ಮುಂದಕ್ಕೆ ಹೋದೆ. ಮಂಡಿ ನೋವಿತ್ತು, ಅದಕ್ಕೇ ಇರಬೇಕು. ಆಮೇಲೆ ಸಾಲಿನಲ್ಲಿ ಯಾರು ಬೇಡ ಅಂದರೂ ಮುಂದಕ್ಕೆ ಹೋದೆ. ಬೇಗ ಮುಗಿಯಿತು. ಒಂದು ಪುಟ್ಟಿ ಒಬ್ಬಟ್ಟು ಉಳಿಯಿತು. ಮನೆ ಯಜಮಾನರು ಹತ್ತಿರ ಬಂದು "ಹುಷಾರಿಲ್ವಾ ನಂದೀಶ್ವರಯ್ಯನೋರೆ, ಉಪಚಾರ ಡಲ್ಲಾಗೈತೆ" ಅಂದರು. ಒಬ್ಬಟ್ಟು ತಟ್ಟುವ ಸಿದ್ದಗಂಗಮ್ಮನೇ ಎಲೆ ಎತ್ತುವುದೂ. ಅವಳು ಮಾತ್ರ "ಇವತ್ತು ಎಲೇಲಿ ಏನೂ ಬುಟ್ಟಿಲ್ಲ ಕಣಣ್ಣ, ಸಲೀಸಾಗೋಯ್ತು" ಅಂದಳು.

ಉಳಿದ ಒಬ್ಬಟ್ಟನ್ನು ಮನೆಗೆ ತಂದೆವು. ಜಗದಾಂಬ ಪುಟ್ಟಿ ನೋಡಿದಳು, ನನ್ನನ್ನು ನೋಡಿದಳು. "ಜ್ವರ ಏನಾರ ಐತಾ?" ಅಂದಳು. ಹನ್ನೆರಡು ದಿನದ ಮೇಲೆ ನೇರವಾಗಿ ನನ್ನನ್ನೇ ಕೇಳಿದ್ದು.

ಫೆಬ್ರವರಿ 21, ಶುಕ್ರವಾರ

ಲೋಹಿತಾ ಶೋರೂಮಿಗೆ ಫೋನ್ ಮಾಡಿ ತಿಳಿದುಕೊಂಡಿದ್ದಾಳೆ. ವಾರಂಟಿ ದುಡ್ಡು ಇನ್ನೂ ಕಟ್ಟಿಲ್ಲ, ಆದ್ದರಿಂದ ಬೇಡ ಅನ್ನಬಹುದು. ಆದರೆ ಸಹಿ ಹಾಕಿದವರೇ ಬಂದು ಮ್ಯಾನೇಜರ್ ಎದುರಿಗೆ ಬೇಡ ಅನ್ನಬೇಕು. ಅಂದರೆ ನಾನು.

ಅಡುಗೆಮನೆಯಲ್ಲಿ ತಾಲೀಮು ಶುರುವಾಯಿತು. ಲೋಹಿತಾ ಸೌಟು ಹಿಡಿದುಕೊಂಡು ಎದುರಿಗೆ ಕೂತಳು.

"ನಾನೇ ಮ್ಯಾನೇಜರು. ಸಾರ್, ಈ ಸೌಟು ತಗಳಿ."

"ಬೇಡ."

"ಯಾಕೆ ಸಾರ್ ಬೇಡ?"

"ನಮ್ಮನೇಲಿ ಸೌಟು ಐತೆ."

"ಹಳೇದಾ ಸಾರ್? ಎಕ್ಸ್‌ಚೇಂಜ್ ಮಾಡ್ಕತೀವಿ."

"ಎಷ್ಟಕ್ಕೆ?"

ಆ ಒಂದು ಮಾತು ಹೊರಗೆ ಬಂದಮೇಲೆ ನನ್ನ ಕೈ ಮೀರಿತು. ನಮ್ಮದೇ ಸೌಟನ್ನು ಕೊಟ್ಟು, ಮೇಲೆ ಸ್ವಲ್ಪ ದುಡ್ಡು ಸೇರಿಸಿ, ನಮ್ಮದೇ ಸೌಟನ್ನು ತೆಗೆದುಕೊಂಡೆ. ಮಲ್ಲಿಗೆ ವಾಸನೆಯ ಡಬ್ಬಿಯನ್ನೂ ಒಪ್ಪಿಕೊಂಡೆ. ಲೋಹಿತಾ ಸೌಟನ್ನು ನೆಲಕ್ಕಿಟ್ಟು ಹಣೆ ಒತ್ತಿಕೊಂಡಳು.

ಜಗದಾಂಬ ಒಲೆ ಮುಂದಿನಿಂದಲೇ ಹೇಳಿದಳು. "ಕಾರಣ ಯಾಕ್ರೀ ಕೊಡ್ತೀರ? ಕಾರಣ ಕೊಟ್ರೆ ಅವ್ರು ಅದಕ್ಕೊಂದು ಉತ್ರ ಕೊಡ್ತಾರೆ. ಊಟಕ್ಕೆ ಕೂತೋರು ಕಾರಣ ಹೇಳ್ತಾರಾ? ಕೈ ಅಡ್ಡ ಇಡ್ತಾರೆ, ಮುಗೀತು."

"ನಾನು ಬುಡಲ್ವಲ್ಲ" ಅಂದೆ.

"ನೀವು ಬುಡಲ್ಲ ಅಂತ ಅವ್ರು ಕೈ ಇಡೋದನ್ನ ಬುಟ್ಟವ್ರಾ?"

ಆಮೇಲೆ ಮತ್ತೆ ತಾಲೀಮು. ಬೇಡ. ಯಾಕೆ? ಬೇಡ. ಯಾಕೆ ಸಾರ್? ಬೇಡ. ಹೇಳುತ್ತ ಹೇಳುತ್ತ ಬೆವರು ಬಂತು. ಯಾರನ್ನೋ ಬೈದ ಹಾಗೆ ಅನ್ನಿಸಿತು. ಮಲಗುವ ಮುಂಚೆ ಲೋಹಿತಾ ಹಾಲು ತಂದಳು, ಬೇಡ ಅಂದುಬಿಟ್ಟೆ. ಆಮೇಲೆ ನಾನೇ ಎದ್ದು ಹೋಗಿ ಕುಡಿದೆ.

ಫೆಬ್ರವರಿ 25, ಮಂಗಳವಾರ

ಬಸ್ಸಿನಲ್ಲಿ ಶಿರಾವರೆಗೂ ಮನಸ್ಸಿನಲ್ಲೇ ಬೇಡ ಬೇಡ ಅಂತ ಜಪ. ಟಿಕೆಟ್ ಅಂತ ಬಂದ ಕಂಡಕ್ಟರಿಗೂ ಬೇಡ ಅಂದೆನಂತೆ. ಲೋಹಿತಾ ತೆಗೆದುಕೊಂಡಳು.

ಮ್ಯಾನೇಜರ್ ಕೋಣೆ ಶೋರೂಮಿಗಿಂತ ತಣ್ಣಗಿತ್ತು. ದುಂಡು ಮುಖದ ಮನುಷ್ಯ, ನಗುತ್ತಲೇ ಇದ್ದ. ತಿಮ್ಮರಾಜು ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ. ಕಾಫಿ ಅಂದರು. ಬೇಡ ಅಂದೆ. ಮೊದಲನೆಯದು ಸಲೀಸಾಗಿ ಬಂತು.

"ವಾರಂಟಿ ಬೇಡ" ಅಂದೆ.

"ಯಾಕೆ ಸಾರ್?"

ನಾಲಿಗೆ ತುದಿಗೆ ಜಗದಾಂಬಳ ಭುಜ ಬಂದಿತ್ತು. ನುಂಗಿಕೊಂಡೆ. "ಬೇಡ."

"ದೂರದ ಊರಲ್ಲಿ ಗಾಡಿ ನಿಂತೋದ್ರೆ? ಗಾಡೀಲಿ ಅಡುಗೆ, ಅಲ್ಲಿ ಮದುವೆ ಮನೆ, ಮಧ್ಯದಲ್ಲಿ ನೀವು."

ಆ ಚಿತ್ರ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅವರು ಒಂದು ಕಾಗದ ನನ್ನ ಮುಂದಕ್ಕೆ ತಳ್ಳಿ, ಅದರ ಮೇಲೆ ಪೆನ್ನು ಇಟ್ಟರು. ನನ್ನ ಕೈ ತಾನಾಗಿಯೇ ಹೋಗಿ ಆ ಕಾಗದದ ಮೇಲೆ ಅಡ್ಡ ಕೂತಿತು. ಎರಡು ಕೈಯೂ.

ಅವರು ಇನ್ನೊಂದು ಕಾಗದ ತೆಗೆದರು. "ಇದು ಸಿಲ್ವರ್ ಪ್ಲಾನ್ ಸಾರ್, ಕಮ್ಮಿದು" ಅಂತ ಎಡಗಡೆಯಿಂದ ಜಾರಿಸಿದರು. ನಾನು ಎಡ ಮೊಣಕೈ ಇಟ್ಟೆ. ಬಲಗಡೆಯಿಂದ ಇನ್ನೊಂದು ಬಂತು. ಈ ಮನುಷ್ಯ ಯಾವ ಕಡೆಯಿಂದ ಬರುತ್ತಾನೆ ಅಂತ ನನಗೆ ಬರುವ ಮುಂಚೆಯೇ ಗೊತ್ತಾಗುತ್ತಿತ್ತು. ಬಲ ಮೊಣಕೈ ಇಟ್ಟೆ. ಮಧ್ಯದಲ್ಲಿ ಸ್ವಲ್ಪ ಜಾಗ ಉಳಿದಿತ್ತು, ಅಲ್ಲಿಗೆ ಎದೆ ಇಟ್ಟೆ. ಹೀಗೆ ಮೇಜಿನ ಮೇಲೆ ಪೂರ್ತಿ ಒರಗಿಕೊಂಡು, ಗಲ್ಲ ಅದರ ಗಾಜಿಗೆ ತಾಗಿಸಿಕೊಂಡು, "ಬೇಡ" ಅಂದೆ. ಗಾಜಿನ ಮೇಲೆ ಉಸಿರು ಮಂಜಾಯಿತು.

ತಿಮ್ಮರಾಜು ಕೆಮ್ಮಿದ.

"ಸಾರ್, ಅವ್ರು ಬೇಡ ಅಂತವ್ರೆ" ಅಂದ.

"ನಂಗೂ ಕೇಳಿಸ್ತದಪ್ಪ" ಅಂದರು ಮ್ಯಾನೇಜರ್. ನಗು ಹೋಗಿತ್ತು. "ನೋಡಿ ಸಾರ್, ಪ್ಯಾಕೇಜ್ ತಗಂಡೋರಿಗೆ ಮೊದ್ಲು ಗಾಡಿ. ಬೇಡ ಅಂದ್ರೆ ನಿಮ್ದು ಏಪ್ರಿಲ್‌ಗೆ ಹೋಗ್ತದೆ."

"ಹೋಗ್ಲಿ" ಅಂದೆ. ಇದನ್ನು ತಾಲೀಮಿನಲ್ಲಿ ಕಲಿತಿರಲಿಲ್ಲ.

ವಾರಂಟಿ ಕಾಗದ ಹರಿದರು. ಕೋಟಿಂಗೂ ಕಂಬಿಯೂ ಇನ್ನೂ ಹಾಕಿರಲಿಲ್ಲ, ಅವೂ ಬಿಲ್ಲಿನಿಂದ ಹೋದವು. ಸೀಟಿನ ಕವರು ಹೊಲಿಸಿಯಾಗಿತ್ತು, ಮಲ್ಲಿಗೆ ಡಬ್ಬಿಯ ಸೀಲು ಒಡೆದಾಗಿತ್ತು, ಅವು ಉಳಿದವು. ನಾನು ಮೇಜಿನಿಂದ ಏಳೋಕೆ ಹೋದೆ, ಸೊಂಟ ಹಿಡಿದುಕೊಂಡಿತ್ತು. ತಿಮ್ಮರಾಜುವೂ ಲೋಹಿತಾಳೂ ಆಚೆ ಈಚೆ ಹಿಡಿದು ಎಬ್ಬಿಸಿದರು.

ಮನೆಗೆ ಬಂದು ಹೇಳಿದೆವು. ಜಗದಾಂಬ ಒಳಗೆ ಹೋಗಿ ಅದೇ ಎಣ್ಣೆ ಶೀಸೆ ತಂದು ನನ್ನ ಸೊಂಟಕ್ಕೆ ತಿಕ್ಕಿದಳು, ಎಡಗೈಯಲ್ಲಿ.

ಮಾರ್ಚ್ 1, ಶನಿವಾರ

ತಿಮ್ಮರಾಜು ಫೋನ್ ಮಾಡಿದ್ದ. "ತಾತ, ಏಪ್ರಿಲ್ ಅಂದಿದ್ರಲ್ಲ, ನಿಮ್ಮ ಗಾಡಿ ಇಲ್ಲೇ ಹಿಂದ್ಗಡೆ ನಿಂತೈತೆ. ಸೋಮವಾರ ಬಂದು ತಗಂಡೋಗಿ." ಇನ್ನೇನಾದರೂ ಹೇಳುತ್ತಾನೇನೋ ಅಂತ ಕಾದೆ. ಏನೂ ಹೇಳಲಿಲ್ಲ. ಇನ್ನೊಂದು ದಿನ ಊಟಕ್ಕೆ ಬಾ ಅಂದೆ. "ನಾನು ಹೇಳಿದಷ್ಟೇ ಬಡಿಸ್ತೀರಾ?" ಅಂದ.

"ನೀನು ಹೇಳಿದಷ್ಟೇ" ಅಂದೆ.

ಮಾರ್ಚ್ 3, ಸೋಮವಾರ

ಗಾಡಿ ಬಂತು. ಲೋಹಿತಾ ವಿಭೂತಿ ಹಚ್ಚಿ ಚಕ್ರವನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಶಿರಾದಿಂದ ತಾನೇ ಓಡಿಸಿಕೊಂಡು ಬಂದಳು. ಒಳಗೆ ಮಲ್ಲಿಗೆ ವಾಸನೆಗೆ ನನಗೆ ತಲೆ ಸುತ್ತಿ, ಮಧುಗಿರಿ ಬರುವಷ್ಟರಲ್ಲಿ ಹಿಂದೆ ಹೋಗಿ ಖಾಲಿ ಜಾಗದಲ್ಲಿ ಕೂತಿದ್ದೆ. ಬೆಟ್ಟ ಕಂಡದ್ದು ಹಿಂದುಮುಂದಾಗಿ, ಆದರೆ ಗಾಳಿ ಚೆನ್ನಾಗಿತ್ತು.

ಮಾರ್ಚ್ 6, ಗುರುವಾರ

ಗ್ರೈಂಡರ್ ತರಲು ಮಧುಗಿರಿ ಪೇಟೆಯ ದಾಕ್ಷಾಯಣಮ್ಮನ ಅಂಗಡಿಗೆ ಹೋಗಿದ್ದೆವು. ಈಗ ನನಗೆ ಅಭ್ಯಾಸವಾಗಿದೆ, ಬಾಗಿಲಿನಲ್ಲೇ ಎದೆ ಗಟ್ಟಿ ಮಾಡಿಕೊಂಡೆ. ದಾಕ್ಷಾಯಣಮ್ಮ ಯಾವ ಉಪಚಾರವನ್ನೂ ಮಾಡಲಿಲ್ಲ. ಹೂ ಕಟ್ಟುತ್ತ ಕೂತಿದ್ದವರು ಕೂತೇ ಇದ್ದರು. ನಾವೇ ದೊಡ್ಡದು ಒಂದನ್ನು ಮುಟ್ಟಿ, ಬಗ್ಗಿ, ತಿರುಗಿಸಿ ನೋಡಿ, ಇದು ಅಂದೆವು.

"ಒಂದು ವರ್ಷ ವಾರಂಟಿ" ಅಂದರು. "ಇನ್ನೂ ಎರಡು ವರ್ಷದ್ದು ಬೇಕಾದ್ರೆ ತಗಬೋದು. ಬೇಡಾಂದ್ರೆ ಬುಡಿ."

"ಬೇಡ" ಅಂದೆ.

ದಾಕ್ಷಾಯಣಮ್ಮ ಸುಮ್ಮನೆ ತಲೆಯಾಡಿಸಿದರು.

"ಬೇಡ" ಅಂತ ಇನ್ನೊಂದು ಸಲ ಹೇಳಿ, ಮುಂಜಾಗ್ರತೆಗೆ ಕೌಂಟರ್ ಮೇಲೆ ಮೊಣಕೈ ಇಟ್ಟೆ. ಅವರು ನನ್ನ ಮೊಣಕೈ ಕೆಳಗಿದ್ದ ಹೂವಿನ ಮಾಲೆ ಮೆಲ್ಲಗೆ ಎಳೆದುಕೊಂಡರು.

ಜಗದಾಂಬ ಮುಂದೆ ಬಂದಳು. "ಮೋಟರ್ ಸುಟ್ಟೋದ್ರೆ?"

"ಹೊಸಾ ಮೋಟರ್. ಮನೆಗೇ ಬಂದು ಹಾಕ್ತಾರೆ."

"ಬೆಲ್ಟು?"

"ಬೆಲ್ಟೂ ಸೇರಿ."

"ಕಲ್ಲು?"

"ಕಲ್ಲಿಗಿಲ್ಲ."

"ಕಲ್ಲು ಕೆಡಲ್ಲ ಬುಡಿ. ನನ್ನ ಕೈಯೇ ಮೊದ್ಲು ಕೆಟ್ಟಿದ್ದು. ಬರ್ಕಳಿ."

"ಜಗದಾಂಬ, ವಾರಂಟಿ ಬೇಡ ಕಣೇ" ಅಂದೆ.

"ನಿಮ್ಮನ್ನ ಯಾರು ಕೇಳಿದ್ರು? ಸರೀರಿ ಅತ್ಲಾಗೆ." ಸೊಂಟದ ಚೀಲ ಬಿಚ್ಚಿ ಅವಳೇ ಕೊಟ್ಟಳು. ಲೋಹಿತಾ ಗಾಡಿ ಕಡೆ ತಿರುಗಿ ನಿಂತಿದ್ದಳು, ಭುಜ ಕುಣಿಯುತ್ತಿತ್ತು. ನಾನು ಇಷ್ಟು ಕಷ್ಟಪಟ್ಟು ಒಂದು ಮಾತು ಕಲಿತಿದ್ದೇನೆ, ಉಪಯೋಗಿಸೋಕೆ ಬಿಡುವುದಿಲ್ಲ.

ಮಾರ್ಚ್ 8, ಶನಿವಾರ

ನಾಳೆ ಸಿದ್ದರಬೆಟ್ಟದ ಹತ್ತಿರ ಮದುವೆ ಊಟ. ಸಂಜೆ ಬೇಳೆ ಬೆಲ್ಲ ಬೇಯಿಸಿ ಹೊಸ ಗ್ರೈಂಡರಿಗೆ ಹಾಕಿದೆವು. ಸಿದ್ದಗಂಗಮ್ಮ ಸ್ವಿಚ್ ಒತ್ತಿ, ಹಿಟ್ಟು ನಾದಲು ಹೋದಳು. ಜಗದಾಂಬ ಮುಂದೆ ಸ್ಟೂಲ್ ಹಾಕಿಕೊಂಡು ಕೂತಳು. ಸ್ವಲ್ಪ ಹೊತ್ತು ಕೈಯನ್ನು ಮೊಣಕಾಲ ಮೇಲಿಟ್ಟಳು, ಆಮೇಲೆ ಸೊಂಟದ ಮೇಲೆ, ಆಮೇಲೆ ಮಡಿಲಲ್ಲಿ.

"ಕೈ ಎಲ್ಲಿಟ್ಕಬೇಕು ಅಂತ ಗೊತ್ತಾಯ್ತಿಲ್ಲ ಕಣ್ರೀ" ಅಂದಳು.

ನಾನೂ ಒಂದು ಸ್ಟೂಲ್ ತಂದು ಪಕ್ಕದಲ್ಲಿ ಕೂತೆ. ಗುಂಡು ತಿರುಗುತ್ತಿತ್ತು. ನಿಲ್ಲಲಿಲ್ಲ, ನರಳಲಿಲ್ಲ. ಸಾಕಾಯ್ತಾ ನೋಡು ಅಂತ ನಾನು ಹೇಳಬೇಕಿತ್ತು, ಹೇಳಲಿಲ್ಲ. ಅವಳೂ ನೋಡಲಿಲ್ಲ. ಅದೇನು ಮಾತಾಡಿದೆವೋ, ಅವಳ ತವರಿನ ದಾರಿ, ಪ್ರಭುದೇವನ ರಜೆ, ಏನೇನೋ. ಹೊರಗೆ ಕತ್ತಲಾಗಿತ್ತು.

ಸಿದ್ದಗಂಗಮ್ಮ ಬಂದು ಮುಚ್ಚಳ ತೆಗೆದು ಎದೆ ಬಡಿದುಕೊಂಡಳು. "ಯಾರಾರ ಆಫ್ ಮಾಡ್ಬಾರ್ದಾ, ಕಣ್ಣು ಕಾಣಲ್ವಾ? ಹೂರಣ ಪಾಯಸ ಆಗೋಗೈತಲ್ಲ ಕಣಣ್ಣ, ಇದನ್ನ ಹೆಂಗೆ ತಟ್ಟಲಿ ನಾನು?"

ಮತ್ತೆ ಬೇಳೆ ಬೇಯಲು ಇಟ್ಟಿದ್ದೇವೆ. ಇವತ್ತು ಮಲಗುವುದು ತಡವಾಗುತ್ತದೆ. ಜಗದಾಂಬ ಇನ್ನೂ ಆ ಸ್ಟೂಲಿನ ಮೇಲೇ ಕೂತಿದ್ದಾಳೆ, ಎರಡು ಕೈಯೂ ಮಡಿಲಲ್ಲಿ, ಸುಮ್ಮನೆ.